ಕಟ್ಟು ಬಿಚ್ಚುವುದೂ ದಾಸೋಹವೇ



ನಾನು ಬಹಳ ವರ್ಷಗಳಿಂದ ಹಳೆಯ ಪುಸ್ತಕ, ಓಲೆಗರಿಗಳನ್ನು ಕೂಡಿಸುತ್ತ ಬಂದವನು. "ಇಷ್ಟೆಲ್ಲ ಕೂಡಿಸಿಟ್ಟು ಏನು ಮಾಡುತ್ತೀರಿ?" ಎಂದು ಕೇಳುವವರುಂಟು. ಆ ಪ್ರಶ್ನೆಗೆ ವಿಜಯಪುರದ ಫ.ಗು. ಹಳಕಟ್ಟಿಯವರು ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟು ಹೋಗಿದ್ದಾರೆ.

ಹಳಕಟ್ಟಿಯವರು ವೃತ್ತಿಯಿಂದ ವಕೀಲರು. ಊರೂರು ತಿರುಗಿ, ಮಠಗಳಲ್ಲಿ, ಭಕ್ತರ ಮನೆಗಳಲ್ಲಿ ಉಳಿದಿದ್ದ ವಚನದ ಕಟ್ಟುಗಳನ್ನು ಹುಡುಕಿದರು. ಹುಡುಕಿದ್ದಕ್ಕೆ ಬೀಗ ಹಾಕಲಿಲ್ಲ. 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗ ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಈ ಕಾಯಕಕ್ಕಾಗಿ ಸ್ವಂತ ಮನೆಯನ್ನೂ ಮಾರಿದರು. ಅವರ ನಂತರ ವಚನ ಸಂಪಾದಿಸಿದ ವಿದ್ವಾಂಸರಿಗೆಲ್ಲ ಅದೇ ಬುನಾದಿಯಾಯಿತು.

ಒಂದು ಪ್ರತಿ ಅಚ್ಚಾದ ಮೇಲೆ ಉಳಿದವು ಏಕೆ ಬೇಕು? ಓಲೆಗರಿಯಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿಯಿಲ್ಲ. ಎ-ಏ, ಒ-ಓ ಎಂಬ ಭೇದವನ್ನೂ ಸಾಮಾನ್ಯವಾಗಿ ತೋರಿಸುವುದಿಲ್ಲ. 'ಕೊಡು', 'ಕೋಡು' ಎರಡೂ ಒಂದೇ ತೆರ ಕಾಣುತ್ತವೆ. ಹುಳು ತಿಂದ ಕಡೆ ಅಕ್ಷರವೇ ಇರುವುದಿಲ್ಲ. ಇನ್ನೊಂದು ಪ್ರತಿಯನ್ನು ಪಕ್ಕಕ್ಕಿಟ್ಟು ನೋಡಿದಾಗ ಎಷ್ಟೋ ಸಂಶಯ ಬಗೆಹರಿಯುತ್ತದೆ.

ಒಮ್ಮೆ ಸಂಶೋಧಕಿಯೊಬ್ಬರು ತಮ್ಮ ಪ್ರತಿಯಲ್ಲಿ ಎರಡು ಗರಿ ಕಳೆದುಹೋಗಿವೆ ಎಂದು ನಮ್ಮ ಮನೆಗೆ ಬಂದರು. ನನ್ನ ಕಟ್ಟಿನಲ್ಲಿ ಅವು ಇದ್ದವು. ಸಂಜೆಯವರೆಗೆ ಕೂತು ಬರೆದುಕೊಂಡರು. ಗರಿಗೆ ನಾನು ಹಣ ಕೊಟ್ಟಿರಬಹುದು, ಅದರೊಳಗಿನ ಶರಣರ ಮಾತಿಗೆ ನಾನು ಒಡೆಯನಲ್ಲ.

ಅಣ್ಣಂದಿರೆ, ಅಕ್ಕಂದಿರೆ, ನಿಮ್ಮ ಮನೆಯ ಜಗುಲಿಯ ಮೇಲೂ ಬಟ್ಟೆ ಸುತ್ತಿದ ಕಟ್ಟೊಂದು ಇದ್ದೀತು. ಹಬ್ಬಕ್ಕೆ ವಿಭೂತಿ ಹಚ್ಚಿ, ಪತ್ರಿ ಏರಿಸಿ ಮತ್ತೆ ಅಲ್ಲೇ ಇಡುತ್ತೀರಿ. ಒಳಗೆ ಏನಿದೆಯೆಂದು ಮನೆಯಲ್ಲಿ ಯಾರಿಗೂ ತಿಳಿಯದು. ನಾವು ಪೂಜಿಸುತ್ತಿರುವಾಗಲೇ ಹುಳು ಅದನ್ನು ತಿನ್ನುತ್ತಿರುತ್ತದೆ. ಅಲ್ಲಿರುವುದು ಬೇರೆಲ್ಲೂ ಉಳಿಯದ ವಚನವಾಗಿದ್ದರೆ, ಅದು ಅಳಿದ ಮೇಲೆ ಮರಳಿ ಬಾರದು.

ಆದ್ದರಿಂದ ಬಲ್ಲವರನ್ನು ಕರೆಯಿರಿ. ಅವರ ಕೈಯಿಂದಲೇ ಕಟ್ಟು ಬಿಚ್ಚಿಸಿ, ಒಂದೊಂದು ಗರಿಯ ಫೋಟೊ ತೆಗೆಸಿ. ಕಟ್ಟು ನಿಮ್ಮ ಜಗುಲಿಯಲ್ಲೇ ಇರಲಿ. ಮಠಗಳು ತಮ್ಮಲ್ಲಿರುವ ಕಟ್ಟುಗಳ ಪಟ್ಟಿ ಮಾಡಿ ಅಚ್ಚು ಹಾಕಿಸಲಿ, ಕೇಳಿ ಬಂದವರಿಗೆ ಓದಲು ಕೊಡಲಿ. ಹಸಿದು ಬಂದವರನ್ನು ನಮ್ಮ ಮಠಗಳು ಬರಿಗೈಯಲ್ಲಿ ಕಳಿಸುವುದಿಲ್ಲ. ವಚನ ಹುಡುಕಿ ಬಂದವರನ್ನೂ ಹಾಗೆ ಕಳಿಸದಿರೋಣ.