ಮೊದಲ ಹಂಚು ಯಾರ ಮಾಡಿಗೇರಿತು?



ಕರಾವಳಿಯ ಬಾಸೆಲ್ ಮಿಷನ್ ಬಂಗಲೆಗಳ ಚರಿತ್ರೆ ಮತ್ತು ಸಂರಕ್ಷಣೆ ಕುರಿತ ಈ ಸಂಕಿರಣದ ಆಶಯ ಭಾಷಣಕ್ಕೆ ನನ್ನನ್ನು ಕರೆದಿದ್ದೀರಿ. ಈ ವಿಷಯವನ್ನು ಮಂಗಳೂರಿನಲ್ಲೇ, ಅದೂ ಮಳೆಗಾಲದ ಹೊಸ್ತಿಲಲ್ಲಿ ಚರ್ಚೆಗೆ ಎತ್ತಿಕೊಂಡಿರುವುದು ನನಗೆ ಬಹಳ ಸರಿಯೆನಿಸಿದೆ. ಕಾರಣ ಮುಂದೆ ಹೇಳುತ್ತೇನೆ.

1834ರ ಅಕ್ಟೋಬರಿನಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಿಷನ್ ಪಾದ್ರಿಗಳು ಈ ದಂಡೆಯಲ್ಲಿ ಇಳಿದ ಮೇಲೆ ನಡೆದದ್ದನ್ನು ಈ ಸಭೆಗೆ ನಾನು ಹೇಳಬೇಕಾಗಿಲ್ಲ. ಮೋಗ್ಲಿಂಗರ 1843ರ ‘ಮಂಗಳೂರ ಸಮಾಚಾರ’, ಬ್ರಿಗೆಲ್ಲರ ತುಳು ವ್ಯಾಕರಣ, ಮೆನ್ನರರ ತುಳು ನಿಘಂಟು, ಕಿಟ್ಟೆಲ್ಲರ 1894ರ ಮಹಾಕೋಶ, ಇವೆಲ್ಲ ನಮ್ಮ ಪಾಠಪುಸ್ತಕಗಳನ್ನೇ ಸೇರಿವೆ. ‘ಹೊಸಗನ್ನಡದ ಅರುಣೋದಯ’ ಬರೆದ ಶ್ರೀನಿವಾಸ ಹಾವನೂರರು ಹಾಕಿಕೊಟ್ಟ ದಾರಿಯಲ್ಲಿ ನಡೆದ ಮೂವರು ನಾಲ್ವರು ಇಲ್ಲಿ ಎದುರಿಗೇ ಕುಳಿತಿದ್ದಾರೆ. ಮಿಷನ್ನಿನ ಮುದ್ರಣದ ಬಗ್ಗೆ, ಹೆಣ್ಣುಮಕ್ಕಳ ಶಾಲೆಗಳ ಬಗ್ಗೆ, ನೇಯ್ಗೆ ಕಾರ್ಖಾನೆಗಳ ಬಗ್ಗೆ ಅವರು ಮಾಡಿರುವ ಕೆಲಸದ ಮೇಲೆಯೇ ನಾನು ನಿಂತಿದ್ದೇನೆ. ಅವರ ಪ್ರಬಂಧಗಳು ಮಧ್ಯಾಹ್ನದಿಂದ ಇವೆ, ಅವುಗಳ ಸಾರವನ್ನು ನಾನು ಈಗಲೇ ಹೇಳಿ ಕೆಡಿಸಬಾರದು.

ಆದರೆ ಒಂದು ಮಾತನ್ನು ಹೇಳದೆ ಇರಲಾರೆ. ನಾವೆಲ್ಲ ಈ ಬಂಗಲೆಗಳೊಳಗೆ ಪುಸ್ತಕಗಳನ್ನು ಹುಡುಕಿಕೊಂಡು ಹೋದೆವು. ಯಾರು ಯಾವ ಕೋಣೆಯಲ್ಲಿ ಕುಳಿತು ಏನು ಬರೆದರು ಎಂದು ಕೇಳಿದೆವು. ಕತ್ತೆತ್ತಿ ಮಾಡನ್ನು ನೋಡಲಿಲ್ಲ. ನಮ್ಮ ಕ್ಷೇತ್ರ ಅಡಿತಪ್ಪಿದ್ದು ಅಲ್ಲಿ ಎಂಬುದು ನನ್ನ ಬಹುಕಾಲದ ನಂಬಿಕೆ. ಬಂಗಲೆಯನ್ನು ಒಬ್ಬ ವಿದ್ವಾಂಸನ ವಿಳಾಸವನ್ನಾಗಿ ಮಾಡಿಬಿಟ್ಟೆವು. ಆಮೇಲೆ ಸಂರಕ್ಷಣೆಯ ಕೆಲಸಕ್ಕೆ ಇಳಿದವರು ನಮ್ಮನ್ನೇ ನಂಬಿ, ಆ ವಿದ್ವಾಂಸನಿದ್ದ ಕಾಲಕ್ಕೆ ಮನೆಯನ್ನು ಹಿಂದಿರುಗಿಸಲು ಹೊರಟರು.

ತಲಶ್ಶೇರಿಯ ಇಲ್ಲಿಕ್ಕುನ್ನಿನ ಬಂಗಲೆಯನ್ನೇ ನೋಡಿ. ಮಿಷನ್ನಿನ ಪಾದ್ರಿ ಹರ್ಮನ್ ಗುಂಡರ್ಟ್ 1839ರಲ್ಲಿ ಅಲ್ಲಿಗೆ ಬಂದರು. ಮಲಯಾಳದ ಮೊದಲ ಪತ್ರಿಕೆ ‘ರಾಜ್ಯಸಮಾಚಾರಂ’ 1847ರಲ್ಲಿ ಹೊರಟದ್ದು ಆ ಗುಡ್ಡದಿಂದ. ಮುಂದೆ ಹರ್ಮನ್ ಹೆಸ್ಸೆಯ ತಾಯಿಯಾದ ಮಾರಿ, ಗುಂಡರ್ಟರ ಮಗಳು, 1842ರಲ್ಲಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ಇಂದು ಆ ಬಂಗಲೆ ಗುಂಡರ್ಟರ ಹೆಸರಿನ ವಸ್ತುಸಂಗ್ರಹಾಲಯವಾಗಿದೆ, ಆಗಬೇಕಾದದ್ದೇ. ಆದರೆ ಆ ಮನೆಯನ್ನು ಕಟ್ಟಿದ್ದು ಮಿಷನ್ ಅಲ್ಲ. ಅದು ಕಂಪನಿ ಸರಕಾರದ ನ್ಯಾಯಾಧೀಶ ಸ್ಟ್ರೇಂಜರದ್ದು, ಅವರು ಅದನ್ನು ಮಿಷನ್ನಿಗೆ ದಾನ ಕೊಟ್ಟರು. ಇಲ್ಲಿ ನಮ್ಮ ಬಲ್ಮಠದ ಆಸ್ತಿಯೂ ಕಂಪನಿ ಅಧಿಕಾರಿಯ ಕೊಡುಗೆಯಾಗಿಯೇ ಬಂದದ್ದು. ಇಲ್ಲಿಕ್ಕುನ್ನಿನ ಮಗ್ಗುಲಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ತಾಂತ್ರಿಕ ತರಬೇತಿ ಸಂಸ್ಥೆ ಬೆಳೆಯಿತು. ಹಾಗಾದರೆ ಈ ಮನೆಯ ಮೂಲರೂಪ ಯಾವುದು? ನ್ಯಾಯಾಧೀಶರದೋ, ಗುಂಡರ್ಟರದೋ, ಅವರು 1859ರಲ್ಲಿ ಯುರೋಪಿಗೆ ಮರಳಿದ ಮೇಲೆ ಅಲ್ಲಿ ಬಾಳಿದವರದೋ?

ಇಲ್ಲಿಂದ ಮಾಡಿನ ಮಾತಿಗೆ ಬರುತ್ತೇನೆ. ಮಿಷನ್ ಬಂಗಲೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮುರಕಲ್ಲಿನ ದಪ್ಪ ಗೋಡೆ, ಉದ್ದದ ಜಗಲಿ, ಮೇಲೆ ಕೆಂಪು ಹಂಚು. ಗುಂಡರ್ಟರ ಕಾಲದಲ್ಲಿ, ಮೋಗ್ಲಿಂಗರು ಬಲ್ಮಠದಲ್ಲಿದ್ದ ಕಾಲದಲ್ಲಿ, ಆ ಹಂಚು ಹುಟ್ಟಿಯೇ ಇರಲಿಲ್ಲ. ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಅದಕ್ಕೆ ಮುಂಚೆ ಇಲ್ಲಿನ ಮಾಡುಗಳ ಮೇಲೆ ಇದ್ದದ್ದು ಮುಳಿಹುಲ್ಲು, ಸೋಗೆ, ಇಲ್ಲವೇ ಕುಂಬಾರರ ನಾಡಹಂಚು. ಸಂಸ್ಥಾಪಕರ ಕಾಲಕ್ಕೆ ಮನೆಯನ್ನು ಹಿಂದಿರುಗಿಸುತ್ತೇವೆ ಎಂದು ಹಟ ಹಿಡಿದರೆ ಮೊದಲು ಇಳಿಸಬೇಕಾದದ್ದು ಆ ಕೆಂಪು ಹಂಚನ್ನೇ. ಯಾರೂ ಇಳಿಸುವುದಿಲ್ಲ, ಇಳಿಸಲೂಬಾರದು. ಆ ಹಂಚು ಈ ಮನೆಗಳ ಬಾಳಿನ ಬಹು ದೊಡ್ಡ ಘಟನೆ.

ಯಾಕೆಂದು ಹೇಳುತ್ತೇನೆ. ಕರಾವಳಿಯಲ್ಲಿ ಕ್ರೈಸ್ತರಾದವರಲ್ಲಿ ಬಿಲ್ಲವರು ಬಹಳ ಮಂದಿ. ಕ್ರೈಸ್ತ ಸಭೆಗೆ ಸೇರಿದವನು ಕಳ್ಳು ಇಳಿಸುವ ಮೂರ್ತೆಯ ಕೆಲಸ ಬಿಡಬೇಕಿತ್ತು. ಒಕ್ಕಲುತನದ ಗದ್ದೆ ಹೋಗುತ್ತಿತ್ತು, ಕುಟುಂಬದ ಮನೆಯೂ ಹೋಗುತ್ತಿತ್ತು. ಮಗ್ಗ, ಅಚ್ಚುಕೂಟ, ಹಂಚಿನ ಕಾರ್ಖಾನೆ ಹುಟ್ಟಿದ್ದರ ಹಿಂದೆ ಈ ಹಸಿವು ಇತ್ತು. ನೇತ್ರಾವತಿ, ಗುರುಪುರ ಹೊಳೆಗಳ ಜೇಡಿ, ಗಟ್ಟದ ಸೌದೆ, ಊರು ಕಳೆದುಕೊಂಡವರ ಕೈ ಸೇರಿ ಆ ಹಂಚು ಆಯಿತು. ಮುಂದೆ ಅದು ಹಡಗು ಹತ್ತಿ ಬರ್ಮಾ, ಸಿಲೋನು, ಪೂರ್ವ ಆಫ್ರಿಕಾಗಳವರೆಗೆ ಹೋಯಿತು.

ಈಗ ನನ್ನನ್ನು ಬಿಡದೆ ಕಾಡುತ್ತಿರುವ ಪ್ರಶ್ನೆ. ಜೆಪ್ಪುವಿನ ಗೂಡಿನಿಂದ ಇಳಿದ ಮೊದಲ ಹಂಚುಗಳು ಯಾರ ಮಾಡಿಗೇರಿದವು? ಪಾದ್ರಿಗಳ ಬಂಗಲೆಗೋ, ಅದನ್ನು ತಟ್ಟಿ ಸುಟ್ಟವರ ಮನೆಗಳಿಗೋ? ಬಂಗಲೆಯ ಹುಲ್ಲು ಯಾವ ಬೇಸಗೆಯಲ್ಲಿ ಇಳಿಯಿತು? ಕೆಲಸಗಾರ ಆ ಹಂಚನ್ನು ಕೂಲಿಯಲ್ಲಿ ಮುರಿಸಿಕೊಂಡು ಕೊಂಡನೋ, ಸಭೆಯೇ ಕೊಟ್ಟಿತೋ? ಇದು ಕಟ್ಟಡದ ಸಣ್ಣ ವಿವರವೆಂದು ನನಗೆ ಅನಿಸುವುದಿಲ್ಲ. ಮಿಷನ್ ತನ್ನ ಜನರನ್ನು ಹೇಗೆ ಕಂಡಿತು ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇರೆ ಇರಲಾರದು.

ಉತ್ತರ ಎರಡು ಕಡೆ ಅಡಗಿರಬೇಕು. ಒಂದು, ಬಾಸೆಲಿನ ದಾಖಲೆಕೋಣೆಯಲ್ಲಿರುವ ಹಳೆಯ ಜರ್ಮನ್ ಕೈಬರಹದ ವರದಿ ಮತ್ತು ಲೆಕ್ಕಪತ್ರಗಳು. ಆ ಬರಹ ಓದಬಲ್ಲ ತರುಣರು ನಮ್ಮಲ್ಲಿ ತೀರ ಕಡಿಮೆ. ಎರಡನೆಯದು ಮಾಡು.

ಕರಾವಳಿಯ ಹಳೆಯ ಬಂಗಲೆಯೊಂದಕ್ಕೆ ವಯಸ್ಸಾದ ಬಡಗಿಯೊಬ್ಬರನ್ನು ಕರೆದುಕೊಂಡು ಹೋಗಿದ್ದೆ. ಅಟ್ಟ ಹತ್ತಿದವರು ಪಕ್ಕಾಸುಗಳನ್ನು ನೋಡಲೇ ಇಲ್ಲ, ಅವು ಕೂತಿದ್ದ ಗೋಡೆಯ ಮೇಲಿನ ತೊಲೆಯ ಮೇಲೆ ಬೆರಳಾಡಿಸುತ್ತ ಹೋದರು. “ನೋಡಿ ಸ್ವಾಮಿ, ಇಲ್ಲಿ ಹಳೆಯ ಕಚ್ಚುಗಳಿವೆ, ಈಗಿನ ಪಕ್ಕಾಸಿಗಿಂತ ಒತ್ತೊತ್ತಾಗಿ. ಈ ಮಾಡು ಮೊದಲು ಹಂಚಿಗಾಗಿ ಕಟ್ಟಿದ್ದಲ್ಲ” ಎಂದರು. ಕೆಲವು ವರ್ಷಗಳ ನಂತರ ಆ ಮನೆಯ ದುರಸ್ತಿಯಾಯಿತು. ಕೆಲಸ ವಹಿಸಿಕೊಂಡವರು ಹಳೆಯ ಮರವನ್ನೆಲ್ಲ ಹರಾಜು ಹಾಕಿ, ಕಬ್ಬಿಣದ ಪೈಪು ಜೋಡಿಸಿ, ಹೊಸ ಹಂಚು ಹೊದಿಸಿದರು. ಮುರಕಲ್ಲಿಗೆ ಸಿಮೆಂಟು ಮೆತ್ತಿದರು. ಉಸಿರಾಡುವ ಕಲ್ಲು ಅದು, ಹೀರಿದ ಮಳೆನೀರನ್ನು ಸುಣ್ಣದ ಗಾರೆಯ ಮೂಲಕ ಬಿಟ್ಟುಕೊಡುತ್ತದೆ. ಸಿಮೆಂಟು ಆ ದಾರಿ ಮುಚ್ಚಿದ್ದರಿಂದ ಈಗ ಒಳಗೋಡೆಗಳಲ್ಲಿ ಉಪ್ಪು ಬಿಳಿಚಿಕೊಂಡಿದೆ. ಗೋಡೆಯನ್ನು ಇನ್ನೂ ಸರಿಪಡಿಸಬಹುದು. ಆ ಕಚ್ಚುಗಳಿದ್ದ ತೊಲೆ ಮಾತ್ರ ಮತ್ತೆ ಸಿಗುವುದಿಲ್ಲ. ನನಗೆ ಇಂದಿಗೂ ಸಂಕಟವಾಗುವ ಸಂಗತಿ ಇದು.

ಹಂಚಿನ ಮುದ್ರೆಯ ಬಗ್ಗೆಯೂ ಎಚ್ಚರ ಬೇಕು. ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865’ ಎಂದು ಕಂಡೊಡನೆ ಮಾಡಿಗೆ ಅಷ್ಟೇ ವಯಸ್ಸು ಕಟ್ಟುವವರಿದ್ದಾರೆ. ಅದು ಕಾರ್ಖಾನೆ ಆರಂಭವಾದ ವರ್ಷ. ಅದೇ ವರ್ಷವನ್ನು ಹೊತ್ತ ಹಂಚುಗಳು ಮುಂದೆ ದಶಕಗಟ್ಟಲೆ ಬಂದವು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳನ್ನು ಸೆರೆಯಲ್ಲಿಟ್ಟು, ಮುಂದೆ ಕಾರ್ಖಾನೆಗಳನ್ನು ಕಾಮನ್‌ವೆಲ್ತ್ ಟ್ರಸ್ಟಿಗೆ ವಹಿಸಿದ ಮೇಲೆ ಮುದ್ರೆ ಬದಲಾಯಿತು. ಅಲ್ಬುಕರ್ಕ್ ಮುಂತಾದ ಊರಿನವರ ಕಾರ್ಖಾನೆಗಳ ಹಂಚೂ ನಡುನಡುವೆ ಸೇರಿತು. ಒಂದೇ ಮಾಡಿನ ಮೇಲೆ ಈ ಮೂರೂ ಸಿಗುತ್ತವೆ. ಯಾವ ಮೂಲೆಯಲ್ಲಿ ಯಾವುದು ಎಂದು ಗುರುತು ಮಾಡಿಕೊಂಡರೆ ಆ ಮನೆಯ ದುರಸ್ತಿಯ ಚರಿತ್ರೆಯೇ ಕೈಗೆ ಬರುತ್ತದೆ.

ಮಾನ್ಯರೇ, ಮಳೆಗಾಲ ಹತ್ತಿರವಾಯಿತು. ಈ ತಿಂಗಳು ಕಾಸರಗೋಡಿನಿಂದ ಉಡುಪಿಯವರೆಗೆ ಹಳೆಯ ಬಂಗಲೆಗಳ ಹಂಚು ಕೈಯಾಡಿಸಲು ಜನ ಮಾಡು ಹತ್ತುತ್ತಾರೆ. ಅವರು ಏಣಿ ಇಡುವ ಮುನ್ನ ಒಬ್ಬ ವಿದ್ಯಾರ್ಥಿಯನ್ನು ಕಳಿಸಿಕೊಡಿ ಎಂದು ಇಲ್ಲಿರುವ ಎಲ್ಲ ಕಾಲೇಜುಗಳ ಇತಿಹಾಸ ವಿಭಾಗಗಳನ್ನು ಕೇಳಿಕೊಳ್ಳುತ್ತೇನೆ. ಹಂಚನ್ನು ಮಗುಚಿ ಮುದ್ರೆ ಓದಲಿ, ತೊಲೆಯ ಕಚ್ಚುಗಳ ಅಂತರ ಅಳೆಯಲಿ, ಫೋಟೋ ತೆಗೆಯಲಿ, ಮಾಡು ಹತ್ತಿದವರ ಹೆಸರನ್ನೂ ಬರೆದುಕೊಳ್ಳಲಿ. ಬಂಗಲೆಗಳಷ್ಟೇ ಸಾಲದು, ಜೆಪ್ಪು ಮತ್ತು ಬಲ್ಮಠದ ಸುತ್ತ ಉಳಿದಿರುವ ಹಳೆಯ ಕೆಲಸಗಾರರ ಮನೆಗಳಿಗೂ ಹೋಗಲಿ. ಸಂಕಿರಣ ಮುಗಿಯುವ ಮೊದಲು ಈ ಕೆಲಸಕ್ಕೆ ಹೆಸರು ಕೊಡುವವರ ಪಟ್ಟಿಯೊಂದು ಅಧ್ಯಕ್ಷರ ಕೈ ಸೇರಬೇಕು.