ಸ್ಟ್ಯಾಟಿಕ್ ಮೆಥಡ್ ಕೊಡುವ ಮಾತು



ಜಾವಾ ಕಲಿಯುವವರು ಮೊದಲ ಪಾಠದಲ್ಲೇ ಮೈನ್ ಮೆಥಡ್‌ನ ಹಿಂದೆ 'ಸ್ಟ್ಯಾಟಿಕ್' ಎಂದು ಬರೆಯುತ್ತಾ ಬಂದಿದ್ದಾರೆ. ಏಕೆಂದು ಕೇಳಿದವರಿಗೆ 'ಸದ್ಯಕ್ಕೆ ಹಾಗೇ ಬರೆದುಕೊಳ್ಳಿ' ಎನ್ನುವುದು ವಾಡಿಕೆ. ಉತ್ತರ ಕಷ್ಟದ್ದೇನಲ್ಲ. ಪ್ರೋಗ್ರಾಮ್ ಶುರುವಾಗುವಾಗ ನಮ್ಮ ಕ್ಲಾಸಿನ ಆಬ್ಜೆಕ್ಟ್ ಒಂದೂ ಹುಟ್ಟಿರುವುದಿಲ್ಲ. ಆಬ್ಜೆಕ್ಟ್ ಇಲ್ಲದೆ ಕರೆಯಬಹುದಾದ ಮೆಥಡ್ ಬೇಕು. ಅದೇ ಸ್ಟ್ಯಾಟಿಕ್ ಮೆಥಡ್. 2025ರಲ್ಲಿ ಬಂದ ಜಾವಾ 25ರಿಂದ ಈ ಕಡ್ಡಾಯವಿಲ್ಲ. ಸ್ಟ್ಯಾಟಿಕ್ ಎನ್ನದಿದ್ದರೆ ಜಾವಾ ಯಂತ್ರವೇ ಒಂದು ಆಬ್ಜೆಕ್ಟ್ ಮಾಡಿಕೊಂಡು ಮೈನ್ ಅನ್ನು ಕರೆಯುತ್ತದೆ.

ಬ್ಯಾಂಕ್ ಖಾತೆ ಎಂಬ ಕ್ಲಾಸ್ ಇದೆ ಎನ್ನಿ. ಒಂದೊಂದು ಖಾತೆಯೂ ಒಂದು ಆಬ್ಜೆಕ್ಟ್, ಒಂದೊಂದಕ್ಕೂ ತನ್ನದೇ ಶಿಲ್ಕು. ಹಣ ಜಮಾ ಮಾಡುವ ಮೆಥಡ್‌ಗೆ 'ಯಾರ ಖಾತೆ' ಎಂಬುದು ತಿಳಿಯಲೇಬೇಕು. ಅದು ಇನ್‌ಸ್ಟನ್ಸ್ ಮೆಥಡ್. ಅಸಲು, ದರ, ಅವಧಿ ಕೊಟ್ಟರೆ ಬಡ್ಡಿ ಹೇಳುವ ಮೆಥಡ್‌ಗೆ ಯಾರ ಖಾತೆಯ ಹಂಗೂ ಇಲ್ಲ. ಅದು ಸ್ಟ್ಯಾಟಿಕ್ ಆಗಬಹುದು. ಜಾವಾ ಯಂತ್ರದ ಒಳಗೂ ಈ ಭೇದ ಕಾಣುತ್ತದೆ. ಮೆಥಡ್‌ಗೆ ಬರುವ ಮೌಲ್ಯಗಳನ್ನು ಅದು ಸೊನ್ನೆಯಿಂದ ಎಣಿಸಿದ ಜಾಗಗಳಲ್ಲಿ ಇಡುತ್ತದೆ. ಇನ್‌ಸ್ಟನ್ಸ್ ಮೆಥಡ್‌ನ ಸೊನ್ನೆಯ ಜಾಗದಲ್ಲಿ 'ದಿಸ್', ಅಂದರೆ ಕರೆಸಿಕೊಂಡ ಆಬ್ಜೆಕ್ಟ್, ಕುಳಿತಿರುತ್ತದೆ. ನಾವು ಕೊಟ್ಟ ಮೌಲ್ಯಗಳು ಒಂದರಿಂದ ಆರಂಭ. ಸ್ಟ್ಯಾಟಿಕ್‌ನಲ್ಲಿ ಅವು ಸೊನ್ನೆಯಿಂದಲೇ ಆರಂಭ.

ಸ್ಟ್ಯಾಟಿಕ್ ಮೆಥಡ್‌ನ ಸೌಲಭ್ಯ ಎಲ್ಲ ಭಾಷೆಗೂ ಹುಟ್ಟಿನಿಂದ ಬಂದದ್ದಲ್ಲ. ಬ್ಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೈಹಾಕಿದ ಸಿ ಪ್ಲಸ್ ಪ್ಲಸ್‌ಗೆ ಸ್ಟ್ಯಾಟಿಕ್ ಮೆಥಡ್ ಸೇರಿದ್ದು 1989ರ 2.0 ಆವೃತ್ತಿಯಲ್ಲಿ. ಅದಕ್ಕೆ ಮೊದಲು ಕೆಲವರು ಸೊನ್ನೆಯನ್ನೇ ಆಬ್ಜೆಕ್ಟಿನ ವಿಳಾಸವೆಂದು ಕಂಪೈಲರ್‌ಗೆ ನಂಬಿಸಿ, ಇಲ್ಲದ ಆಬ್ಜೆಕ್ಟಿನ ಹೆಸರಲ್ಲಿ ಮೆಥಡ್ ಕರೆಯುತ್ತಿದ್ದರು. ಅಗತ್ಯ ಎಷ್ಟಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕ್ಲಾಸನ್ನೂ ಆಬ್ಜೆಕ್ಟ್ ಎಂದೇ ಬಗೆದ ಸ್ಮಾಲ್‌ಟಾಕ್‌ಗೆ ಈ ತೊಡಕೇ ಇರಲಿಲ್ಲ. ಆ ದಾರಿ ನನಗೆ ಹೆಚ್ಚು ಸುಂದರವಾಗಿ ಕಾಣುತ್ತದೆ.

ಸ್ಟ್ಯಾಟಿಕ್, ಇನ್‌ಸ್ಟನ್ಸ್ ಮೆಥಡ್ ಎರಡನ್ನೂ ಒಂದೇ ರೂಪದಲ್ಲಿ ಕರೆಯಲು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಜಾವಾದ ಥ್ರೆಡ್ ಕ್ಲಾಸ್ ನೋಡಿ. ಅದರ 'ಸ್ಲೀಪ್' ಸ್ಟ್ಯಾಟಿಕ್ ಮೆಥಡ್. 'ವರ್ಕರ್' ಎಂಬ ಹೆಸರಿನ ಥ್ರೆಡ್ ಇದೆ; ಅದರ ಮುಂದೆ ಚುಕ್ಕಿ ಇಟ್ಟು ಸ್ಲೀಪ್, 5000 ಎಂದು ಬರೆದರೆ ವರ್ಕರ್ ಐದು ಸೆಕೆಂಡ್ ಮಲಗುತ್ತದೆಂದೇ ಓದುವವರು ತಿಳಿಯುತ್ತಾರೆ. ಮಲಗುವುದು ಆ ಸಾಲನ್ನು ನಡೆಸುತ್ತಿರುವ ಥ್ರೆಡ್. ವರ್ಕರ್ ತನ್ನ ಪಾಡಿಗೆ ಓಡುತ್ತಿರುತ್ತದೆ. ವರ್ಕರ್‌ನಲ್ಲಿ ನಲ್ ಇದ್ದರೂ, ಅಂದರೆ ಆಬ್ಜೆಕ್ಟೇ ಇಲ್ಲದಿದ್ದರೂ, ಕರೆ ನಡೆದುಹೋಗುತ್ತದೆ, ಏಕೆಂದರೆ ಕಂಪೈಲರ್ ನೋಡುವುದು ಚುಕ್ಕಿಯ ಹಿಂದಿನ ಹೆಸರಿನ ಬಗೆಯನ್ನು ಮಾತ್ರ. ಸಿ ಶಾರ್ಪ್ ಹೀಗೆ ಬರೆಯಲು ಬಿಡುವುದೇ ಇಲ್ಲ. ಅದೇ ಸರಿ.

ಸ್ಟ್ಯಾಟಿಕ್ ಬೇಡವೇ ಬೇಡ ಎನ್ನುವವರ ಪಂಗಡಕ್ಕೆ ನಾನು ಸೇರಿದವನಲ್ಲ. ವರ್ಗಮೂಲ ಹೇಳುವ ಮೆಥಡ್ ಸ್ಟ್ಯಾಟಿಕ್ ಆಗಿರುವುದೇ ಚಂದ. 'ನೀವು ಕೈಗೆ ಕೊಟ್ಟದ್ದನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ' ಎಂದು ಅದು ಮಾತು ಕೊಟ್ಟಂತೆ ಇರುತ್ತದೆ, ಆ ಮಾತಿಗೆ ತಪ್ಪುವುದಿಲ್ಲ. ಭಾಷೆ ಇಂಥ ಮಾತನ್ನು ಕಡ್ಡಾಯ ಮಾಡಿಲ್ಲ, ಬರೆಯುವವರೇ ಉಳಿಸಿಕೊಳ್ಳಬೇಕು. ಕ್ಲಾಸಿನಲ್ಲಿರುವ ಬದಲಾಗಬಲ್ಲ ಸ್ಟ್ಯಾಟಿಕ್ ಮೌಲ್ಯವನ್ನೋ ಫೈಲನ್ನೋ ಗಡಿಯಾರವನ್ನೋ ಸದ್ದಿಲ್ಲದೆ ಓದುವ ಸ್ಟ್ಯಾಟಿಕ್ ಮೆಥಡ್ ಆ ಮಾತನ್ನು ಮುರಿಯುತ್ತದೆ, ಕರೆಯುವವರಿಗೆ ಅದರ ಸುಳಿವೂ ಸಿಗುವುದಿಲ್ಲ.

2014ರ ಜಾವಾ 8ರಲ್ಲಿ ಬಂದ ಲೋಕಲ್‌ಡೇಟ್ ಕ್ಲಾಸಿನ 'ನೌ' ಇಂಥದ್ದು. ಬರಿಗೈಯಲ್ಲಿ ಕರೆದರೆ ಯಂತ್ರದ ಗಡಿಯಾರ ನೋಡಿ ಇಂದಿನ ತಾರೀಖು ಹೇಳುತ್ತದೆ. ಬಡ್ಡಿಯ ಲೆಕ್ಕದೊಳಗೆ ಅದನ್ನು ಕರೆದಿಟ್ಟರೆ ನಿನ್ನೆ ಪಾಸಾದ ಪರೀಕ್ಷೆ ಇವತ್ತು ಫೇಲಾಗಬಹುದು. ಅದನ್ನು ರೂಪಿಸಿದವರಿಗೆ ಇದು ಗೊತ್ತಿತ್ತು. ಕ್ಲಾಕ್ ಎಂಬ ಕ್ಲಾಸನ್ನೂ ಜೊತೆಗೇ ಕೊಟ್ಟರು. ಅದರ ಆಬ್ಜೆಕ್ಟನ್ನು ಸ್ವೀಕರಿಸುವ ಇನ್ನೊಂದು 'ನೌ' ಅನ್ನೂ ಇಟ್ಟರು. ಅದೂ ಸ್ಟ್ಯಾಟಿಕ್ಕೇ, ಆದರೆ ಕೊಟ್ಟ ಗಡಿಯಾರವನ್ನಷ್ಟೇ ನೋಡುತ್ತದೆ. ಒಂದೇ ಕ್ಷಣದಲ್ಲಿ ನಿಲ್ಲಿಸಿದ ಕ್ಲಾಕ್ ಕೊಟ್ಟರೆ, ಫೆಬ್ರವರಿ 29ರಂದು ನಿಮ್ಮ ಬಡ್ಡಿ ಲೆಕ್ಕ ಏನು ಮಾಡುತ್ತದೆಂದು ವರ್ಷದ ಯಾವ ದಿನವಾದರೂ ಪರೀಕ್ಷಿಸಿ ನೋಡಬಹುದು.