ಪೆಟ್ಟು ಮತ್ತು ಶಿಸ್ತು: ಕಾಸರಗೋಡಿನ ಮನೆ ಹಾಗೂ ಶಾಲೆ

ಮಕ್ಕಳನ್ನು ಹೊಡೆದು ತಿದ್ದಬಹುದೇ ಎಂಬ ಪ್ರಶ್ನೆಗೆ ಭಾರತದ ಕಾನೂನು ಶಾಲೆಗೊಂದು, ಮನೆಗೊಂದು ಉತ್ತರ ಕೊಟ್ಟಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮನೆಯಲ್ಲಿ ಬೀಳುವ ಪೆಟ್ಟಿಗೆ ಅಂಥ ನೇರ ನಿಷೇಧವಿಲ್ಲ. 1860ರ ದಂಡಸಂಹಿತೆಯ 89ನೆಯ ಕಲಮಾಗಿದ್ದು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 27ನೆಯ ಕಲಮಾಗಿ ಮುಂದುವರಿದಿರುವ ನಿಯಮವು ಹನ್ನೆರಡು ವರ್ಷದೊಳಗಿನ ಮಗುವಿನ ಹಿತಕ್ಕೆಂದು ಪೋಷಕರು ಸದ್ಭಾವದಿಂದ ಮಾಡಿದ ಕೃತ್ಯಕ್ಕೆ ರಕ್ಷಣೆಯನ್ನೂ ನೀಡುತ್ತದೆ. ದೈಹಿಕ ಶಿಕ್ಷೆಯೆಂದರೆ, ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2006ರಲ್ಲಿ ವಿವರಿಸಿದಂತೆ, ಎಷ್ಟೇ ಹಗುರವಾಗಿರಲಿ, ನೋವಾಗಲೆಂದೇ ಬಲ ಪ್ರಯೋಗಿಸಿ ಕೊಡುವ ಶಿಕ್ಷೆ.

ಕಾಸರಗೋಡಿನ ಕನ್ನಡ ಮನೆಗಳಿಗೆ ಈ ಶಿಕ್ಷೆ ಹೊಸತಲ್ಲ. ಶಾಲೆಯ ನಾಗರಬೆತ್ತ, ಮನೆಯಂಗಳದ ಗಿಡದಿಂದ ಮುರಿದ ಅಡರು, ಕಿವಿ ಹಿಂಡುವುದು, ಬಸ್ಕಿ ತೆಗೆಸುವುದು ಇವೆಲ್ಲ ಹಿಂದಿನ ತಲೆಮಾರು ಕಂಡುಂಡ ಸಂಗತಿಗಳು. ಐದು ವರ್ಷ ಮುದ್ದಿಸಿ ಮುಂದಿನ ಹತ್ತು ವರ್ಷ ದಂಡಿಸಬೇಕೆನ್ನುವ ಸಂಸ್ಕೃತ ಸುಭಾಷಿತವೂ ಅದಕ್ಕೆ ಆಧಾರವಾಗಿ ಒದಗಿತು. ಬೆತ್ತದ ಮಾಷ್ಟ್ರು ಇಲ್ಲದಿದ್ದರೆ ತಾವು ಮನುಷ್ಯರಾಗುತ್ತಿರಲಿಲ್ಲವೆಂದು ಹಿರಿಯರು ಕೃತಜ್ಞತೆಯಿಂದಲೇ ಹೇಳುತ್ತಾರೆ. ಆ ಕೃತಜ್ಞತೆ ಗೌರವಾರ್ಹವಾದರೂ ಅದು ಸಲ್ಲಬೇಕಾದದ್ದು ಮಳೆಗಾಲದಲ್ಲೂ ತಪ್ಪದೆ ಬಂದು ಮಗ್ಗಿ ಕಲಿಸಿದ ಮಾಷ್ಟ್ರ ಶ್ರದ್ಧೆಗೇ ಹೊರತು ಅವರ ಕೈಯ ಬೆತ್ತಕ್ಕಲ್ಲ.

ಎಲಿಜಬೆತ್ ಗರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ 2016ರಲ್ಲಿ ಪ್ರಕಟಿಸಿದ ಪರಿಶೀಲನೆಯು ಸುಮಾರು 1.6 ಲಕ್ಷ ಮಕ್ಕಳನ್ನು ಕುರಿತ 75 ಅಧ್ಯಯನಗಳನ್ನು ಒಟ್ಟುಗೂಡಿಸಿತು. ಅಂಡಿನ ಮೇಲೆ ಅಂಗೈಯಿಂದ ಹೊಡೆಯುವಂಥ ಸಾಮಾನ್ಯ ಪೆಟ್ಟಿಗೂ ಆಕ್ರಮಣಶೀಲತೆ, ಹೆತ್ತವರೊಂದಿಗಿನ ಸಂಬಂಧದ ಬಿರುಕು ಮೊದಲಾದವುಗಳಿಗೂ ನಂಟಿರುವುದನ್ನು ಅದು ತೋರಿಸಿತು. ಪೆಟ್ಟಿನಿಂದ ಹಟ ಹೆಚ್ಚಿತೋ, ಹಟದ ಮಕ್ಕಳಿಗೇ ಪೆಟ್ಟು ಹೆಚ್ಚಿತೋ ಎಂಬ ವಾದ ವಿದ್ವಾಂಸರಲ್ಲಿ ಉಳಿದಿದೆಯಾದರೂ, ಹೊಡೆದದ್ದರಿಂದ ಮಗುವಿನ ನಡತೆ ದೀರ್ಘಕಾಲ ಸುಧಾರಿಸಿತೆನ್ನಲು ಆ ಪರಿಶೀಲನೆಯಲ್ಲಿ ಆಧಾರ ದೊರೆಯಲಿಲ್ಲ. ಪೆಟ್ಟು ತಿಂದ ಮಗು ತಪ್ಪು ಯಾಕೆ ತಪ್ಪೆಂಬುದನ್ನು ಕಲಿಯುವುದಿಲ್ಲ. ಹೊಡೆಯುವವರ ಕಣ್ಣು ತಪ್ಪಿಸುವುದನ್ನು ಕಲಿಯುತ್ತದೆ.

ಈ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಮನೆಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ ಅಥವಾ ಮಲಯಾಳ ಆಡುವ ಮಕ್ಕಳು ಕನ್ನಡ ಮಾಧ್ಯಮ ತರಗತಿಯಲ್ಲಿ ಒಟ್ಟಿಗೆ ಕೂರುತ್ತಾರೆ. ಕನ್ನಡ ಬಾರದ ಅಧ್ಯಾಪಕರನ್ನು ಅಂಥ ತರಗತಿಗಳಿಗೆ ನೇಮಿಸಿದಾಗ ಇಲ್ಲಿನ ಹೆತ್ತವರು ಪ್ರತಿಭಟಿಸಿದ್ದಾರೆ. ಪ್ರಶ್ನೆ ಅರ್ಥವಾಗದ ಮಗುವಿನ ಮೌನ ಉದ್ಧಟತನವಾಗಿ ಕಾಣುವ ಅಪಾಯ ಅಲ್ಲಿ ಸದಾ ಇರುವುದರಿಂದ ಆ ಪ್ರತಿಭಟನೆ ನ್ಯಾಯವಾದದ್ದು. ತಿದ್ದುವುದಕ್ಕೆ ಮಾತು ಬೇಕು. ಮಾತು ಸೋತಲ್ಲಿ ಕೈ ಮೇಲೇಳುತ್ತದೆ. 1956ರಿಂದ ಕೇರಳದಲ್ಲಿರುವ ಇಲ್ಲಿನ ಕನ್ನಡಕ್ಕೆ ಶಾಲೆಯೇ ಮುಖ್ಯ ಆಸರೆಯಾಗಿರುವಾಗ, ಶಾಲೆಯ ಹೆದರಿಕೆ ಭಾಷೆಯ ಹೆದರಿಕೆಯೂ ಆಗಬಾರದು.

2025ರ ಆಗಸ್ಟ್‌ನಲ್ಲಿ ಜಿಲ್ಲೆಯ ಸರಕಾರಿ ಶಾಲೆಯೊಂದರ ಅಸೆಂಬ್ಲಿಯಲ್ಲಿ ಬಿದ್ದ ಪೆಟ್ಟಿನಿಂದ ಹತ್ತನೆಯ ತರಗತಿಯ ವಿದ್ಯಾರ್ಥಿಯ ಕಿವಿಯ ತಮಟೆಗೆ ಹಾನಿಯಾಯಿತೆಂಬ ದೂರಿನ ಮೇಲೆ ರಾಜ್ಯ ಮಕ್ಕಳ ಹಕ್ಕುಗಳ ಆಯೋಗ ಪ್ರಕರಣ ದಾಖಲಿಸಿತು. ಇನ್ನೊಂದೆಡೆ, ದುರುದ್ದೇಶವಿಲ್ಲದೆ ಅಧ್ಯಾಪಕರು ಕೊಟ್ಟ ಮಿತವಾದ ಪೆಟ್ಟು ಅಪರಾಧವಾಗದೆಂದು ಕೇರಳ ಹೈಕೋರ್ಟು ಕೆಲವು ಪ್ರಕರಣಗಳಲ್ಲಿ ಹೇಳಿದೆ. ಜೈಲಿಗೆ ಹಾಕುವಂಥ ಅಪರಾಧ ಯಾವುದೆಂಬುದು ನ್ಯಾಯಾಲಯದ ಪ್ರಶ್ನೆ. ಮಗುವನ್ನು ಬೆಳೆಸುವ ಸರಿಯಾದ ದಾರಿ ಯಾವುದೆಂಬುದು ಬೇರೆಯೇ ಪ್ರಶ್ನೆ, ಅದಕ್ಕೆ ಉತ್ತರ ಹೇಳಬೇಕಾದವರು ಹೆತ್ತವರು.

ಸ್ವೀಡನ್ 1979ರಲ್ಲಿ, ನೆರೆಯ ನೇಪಾಳ 2018ರಲ್ಲಿ ಮನೆಯ ಪೆಟ್ಟನ್ನೂ ಕಾನೂನಿನಿಂದ ನಿಷೇಧಿಸಿದವು. ಭಾರತದ ಸಂಸತ್ತೂ 27ನೆಯ ಕಲಮಿನ ರಕ್ಷಣೆ ಮಕ್ಕಳನ್ನು ಹೊಡೆಯುವುದಕ್ಕೆ ಸಲ್ಲದೆಂದು ಸ್ಪಷ್ಟಪಡಿಸಬೇಕು. ಕಾನೂನು ಬರುವವರೆಗೆ ಹೆತ್ತವರು ಕಾಯಬೇಕಿಲ್ಲ: ರಕ್ಷಕ-ಶಿಕ್ಷಕ ಸಂಘದ ಸಭೆಗೆ ಹೋದಾಗ, ಬೇಕಾದರೆ ಎರಡು ಬಿಗಿಯಿರಿ ಮಾಷ್ಟ್ರೇ ಎಂದು ಅಧ್ಯಾಪಕರಿಗೆ ಅನುಮತಿ ಕೊಡುವುದನ್ನು ಅವರು ನಿಲ್ಲಿಸಲಿ, ಆ ಅನುಮತಿಯನ್ನು ಮನೆಯಲ್ಲಿ ತಮಗೂ ಕೊಟ್ಟುಕೊಳ್ಳದಿರಲಿ.